ಟ್ರೂಡಿಯ ಟೈಲ್ಸ್, ನನ್ನ ಟೈಲ್ಸ್

ಮೊದಲ ಬಾಹ್ಯಾಕಾಶ ಶಟಲ್ ಹಾರಿದ್ದು ೧೯೮೧ರ ಏಪ್ರಿಲ್‌ನ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ. ಉಡಾವಣಾ ಕೇಂದ್ರದ ಎದುರಿನ ಊರು ಟೈಟಸ್‌ವಿಲ್‌ನ ನದಿ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಡಚುವ ಕುರ್ಚಿಗಳು, ಬಿಯರ್ ಪೆಟ್ಟಿಗೆಗಳು, ಅಪ್ಪಂದಿರ ಹೆಗಲ ಮೇಲೆ ಮಕ್ಕಳು. ನಾನು ಕಾರಿಗೆ ಒರಗಿ ಒಬ್ಬಳೇ ನಿಂತಿದ್ದೆ. ನೌಕೆ ಮೇಲೆದ್ದಾಗ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಅದರ ಮೈಗೆ ನನ್ನ ಎರಡು ವರ್ಷದ ಕೆಲಸ ಅಂಟಿಕೊಂಡಿದೆ ಎಂದು ಅವಳಿಗೆ ಹೇಳಬೇಕೆನಿಸಿತು. ಅಷ್ಟರಲ್ಲಿ ಗಂಡ ಕರೆದ, ಹೋದಳು.

ನಾನು ಅಂಟಿಸುತ್ತಿದ್ದುದು ಶಾಖ ತಡೆಯುವ ಟೈಲ್ಸ್. ಮುಟ್ಟಿದರೆ ಬೆಂಡಿನಷ್ಟು ಹಗುರ. ಮರಳಿ ಬರುವಾಗ ನೌಕೆ ಕೆಂಡದಂತಾಗುತ್ತದೆ. ಒಳಗಿರುವ ಇಬ್ಬರ ಜೀವ ಉಳಿಯುವುದು ಇವುಗಳಿಂದಲೇ. ಹೊಟ್ಟೆಯ ಕೆಳಗಿನ ಒಂದು ಭಾಗ ನನ್ನದು. ಬಾಲದ ಬಳಿಯ ಉಬ್ಬುಗಳಲ್ಲಿ ಕೆಲಸ ಮಾಡಿದವಳು ನನ್ನ ಗೆಳತಿ ಟ್ರೂಡಿ. ನನ್ನ ಗಂಡ ಬಿಟ್ಟುಹೋದ ವಾರ ದಿನವೂ ನನಗೆ ಊಟ ತಂದುಕೊಟ್ಟವಳು ಅವಳು.

ಹಿಂದಿನ ಶರತ್ಕಾಲದಲ್ಲಿ ಕೆಲಸದವರನ್ನು ಕಡಿಮೆ ಮಾಡಿದರು. ನಮ್ಮಿಬ್ಬರಲ್ಲಿ ಯಾರ ಕೈ ಚೊಕ್ಕ ಎಂದು ಮೇಸ್ತ್ರಿ ನನ್ನನ್ನೇ ಕೇಳಿದ. "ಟ್ರೂಡಿಗೆ ಸ್ವಲ್ಪ ಅವಸರ ಜಾಸ್ತಿ" ಎಂದೆ. ಅಷ್ಟೇ. ಮರುವಾರ ಅವಳನ್ನು ಮನೆಗೆ ಕಳಿಸಿದರು. ನಾನಂದದ್ದು ಅವಳ ಕಿವಿಗೂ ಬಿದ್ದಿತ್ತು; ಅಂದಿನಿಂದ ನಮ್ಮ ಮಾತು ನಿಂತಿತ್ತು.

ಆ ಭಾನುವಾರ ಮನೆಗೆ ಬಂದು ಟೀವಿ ಹಾಕಿದರೆ ಆಕಾಶದಿಂದ ಚಿತ್ರ ಬರುತ್ತಿತ್ತು. ಬಾಲದ ಬಳಿ ಬಿಳಿ ಮೈಯಲ್ಲಿ ಕಪ್ಪು ಚೌಕಗಳು. ಟೈಲ್ಸ್ ಕಿತ್ತುಹೋಗಿದ್ದವು. ನನ್ನವಲ್ಲ ಎಂದು ಉಸಿರು ಬಿಟ್ಟೆ. ಆಮೇಲೆ ಯಾರವು ಎಂಬುದು ಹೊಳೆದು, ಬಿಟ್ಟ ಉಸಿರಿಗೇ ನಾಚಿಕೆಯಾಯಿತು. ಕಾರು ತೆಗೆದೆ.

ಟ್ರೂಡಿ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ.

"ಏನೇ ವಿಲ್ಮಾ, ನೀನು ಹೇಳಿದ್ದೇ ನಿಜವಾಯ್ತು ಅಂತ ತೋರ್ಸಕ್ ಬಂದ್ಯಾ?"

"ಇಲ್ಲ ಕಣೇ. ಅಲ್ಲಿ ಅಷ್ಟೊಂದು ಬಿಸಿ ತಾಗಲ್ಲ, ಏನೂ ಆಗಲ್ಲ ಅಂತ ಟೀವಿಲಿ ಹೇಳಿದ್ರು. ನೀನು ಒಬ್ಳೇ ಇರ್ತೀಯಲ್ಲ ಅಂತ..."

"ಎಲ್ಲಿ ಎಷ್ಟು ಬಿಸಿ ತಾಗತ್ತೆ ಅಂತ ನಂಗೇ ಪಾಠ ಹೇಳ್ತೀಯಾ? ಸುಡೋದು ಹೊಟ್ಟೆ. ಅಲ್ಲಿ ಏನ್ ಬಿದ್ದಿದೆ, ಏನ್ ಉಳ್ದಿದೆ, ಯಾವ ಕ್ಯಾಮೆರಾಗೂ ಕಾಣ್ಸಲ್ಲ. ಹೊಟ್ಟೆ ಯಾರ್ದು?"

"ನಂದು."

"ಹಾಗಾದ್ರೆ ಮನೆಗ್ ಹೋಗಿ ನಿನ್ ಭಯ ನೀನು ನೋಡ್ಕೋ."

ಬಾಗಿಲು ಮುಚ್ಚಿತು.

ಎರಡು ದಿನ ನನಗೆ ಅನ್ನ ನೀರು ಸೇರಲಿಲ್ಲ. ಪ್ರತಿಯೊಂದು ಟೈಲನ್ನೂ ಎಳೆದು ಪರೀಕ್ಷಿಸಿದ್ದರು, ನಿಜ. ಆದರೂ ನಿದ್ದೆಗೆಟ್ಟು ಮಂಜಾದ ಕಣ್ಣಲ್ಲೇ ಕೆಲಸ ಮಾಡಿದ ದಿನಗಳು ಒಂದೊಂದೇ ನೆನಪಾದವು. ಫೋನ್ ಮಾಡಿ ಹೇಳಿಕೊಳ್ಳೋಣವೆಂದರೆ ಈ ಭಯ ಅರ್ಥವಾಗುವವಳು ಊರಿಗೆಲ್ಲ ಒಬ್ಬಳೇ. ಅವಳು ಬಾಗಿಲು ಹಾಕಿಕೊಂಡಿದ್ದಳು.

ಮಂಗಳವಾರ ಮಧ್ಯಾಹ್ನ ನೌಕೆ ವಾತಾವರಣದೊಳಗೆ ಇಳಿಯಿತು. ಬೆಂಕಿ ಸುತ್ತಿದಾಗ ರೇಡಿಯೊ ಸಂಪರ್ಕ ತಪ್ಪುತ್ತದೆಂದು ಮೊದಲೇ ಗೊತ್ತಿತ್ತು. ಗೊತ್ತಿದ್ದರೇನು, ಆ ಹದಿನೈದು ನಿಮಿಷ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಕಿವಿ ಮುಚ್ಚಿಕೊಂಡಿದ್ದೆ. ಕೈ ತೆಗೆದಾಗ ಟೀವಿಯಲ್ಲಿ ಪೈಲಟ್‌ನ ಧ್ವನಿ ಕೇಳಿಸಿತು. ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳದಲ್ಲಿ ಚಕ್ರಗಳು ಧೂಳೆಬ್ಬಿಸಿದವು.

ಐದು ನಿಮಿಷಕ್ಕೆ ಫೋನ್ ಬಂತು.

"ಇಳೀತು" ಎಂದಳು ಟ್ರೂಡಿ.

"ಹ್ಞೂಂ."

"ನಿನ್ ಕೆಲ್ಸ ಗಟ್ಟಿ ಇತ್ತು ಕಣೇ."

ಅಳು ಒತ್ತಿ ಬಂತು. "ಟ್ರೂಡಿ, ನಿಂಗೆ ಅವಸರ ಅಂದಿದ್ದು ಸುಳ್ಳು. ನನ್ ಕೆಲ್ಸ ಉಳಿಸ್ಕೊಳ್ಳಕ್ಕೆ ಹೇಳ್ದೆ."

"ಗೊತ್ತು. ಅವತ್ತೇ ಗೊತ್ತಿತ್ತು. ನಿನ್ ಬಾಯಿಂದ ಕೇಳ್ಬೇಕಿತ್ತು, ಅಷ್ಟೇ."

ಫೋನ್ ಇಟ್ಟಳು.

ಆ ಬೇಸಿಗೆಯಲ್ಲಿ ಅವಳು ಅಲಬಾಮಾದ ತಂಗಿಯ ಮನೆಗೆ ಹೋದಳೆಂದು ಅಂಚೆಯವನಿಂದ ತಿಳಿಯಿತು. ವಿಳಾಸ ಬಿಟ್ಟಿರಲಿಲ್ಲ. ನಾನು ಇನ್ನೂ ಹದಿನೆಂಟು ವರ್ಷ ಅದೇ ಕೆಲಸದಲ್ಲಿದ್ದೆ. ಪ್ರತಿ ಉಡಾವಣೆಗೂ ದಂಡೆಗೆ ಹೋದೆ. ೧೯೮೬ರಲ್ಲಿ ನೌಕೆ ಸಿಡಿದ ಆ ಒಂದು ದಿನ ಬಿಟ್ಟರೆ, ಹೊಗೆ ಚದುರಿದ ಮೇಲೆ ಜನ ಕುರ್ಚಿ ಮಡಚಿಕೊಂಡು ನಗುತ್ತ ಮನೆಗೆ ಹೋಗುತ್ತಿದ್ದರು. ನನಗೆ ಮಾತ್ರ ನೌಕೆ ನೆಲ ಮುಟ್ಟುವ ದಿನದವರೆಗೆ ಊಟ ರುಚಿಸುತ್ತಿರಲಿಲ್ಲ.