ವಾರಕ್ಕೆ ಎರಡೇ ರಾತ್ರಿ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ನೋರೀನ್ ಹಾಲ್‌ರಾಯ್ಡ್ ತನ್ನ ಮನೆಯಿಂದ ಒಬ್ಬ ಗಂಡಸಿನ ಗುರುತನ್ನೆಲ್ಲ ಅಳಿಸುವ ಕೆಲಸಕ್ಕೆ ನಿಂತಳು. ಅವನ ರೇಜರು ಸಕ್ಕರೆ ಡಬ್ಬಕ್ಕೆ ಹೋಯಿತು. ಟೋಪಿ ಸೋಫಾದ ದಿಂಬಿನಡಿ ಸೇರಿತು. ಬೂಟಿಗೆ ಎಲ್ಲೂ ಜಾಗ ಕಾಣದೆ ಬಟ್ಟೆ ಒಗೆಯುವ ಮಷಿನ್ನಿನೊಳಗೆ ತುರುಕಿ, ಗಾಜಿನಿಂದ ಕಾಣದ ಹಾಗೆ ಟವೆಲ್ ಅಡ್ಡ ಇಟ್ಟಳು. ಇಷ್ಟೆಲ್ಲ ಮಾಡಿ ಏನು ಬಂತು? ಗಂಡಸೇ ಮಹಡಿಯ ಮೇಲೆ ಜ್ವರದಲ್ಲಿ ಮಲಗಿದ್ದ. ಅವನನ್ನು ಯಾವ ಡಬ್ಬಕ್ಕೆ ಹಾಕುವುದು?

ಹನ್ನೊಂದಕ್ಕೆ ಊರಿನ ಆಡಳಿತ ನೋಡುವ ಕೌನ್ಸಿಲ್‌ನವರು ಬರುವವರಿದ್ದರು.

ಗ್ರಿಮ್ಸ್‌ಬಿಯ ಆ ಬೀದಿಯಲ್ಲಿ ಬಾಗಿಲ ಸಂದಿನಿಂದ ಸರ್ಕಾರಿ ಕಂದು ಲಕೋಟೆ ಒಳಗೆ ಬಿದ್ದರೆ, ಒಡೆಯುವ ಮೊದಲು ಯಾರಾದರೂ ಕುರ್ಚಿ ಹುಡುಕುತ್ತಾರೆ. ನೋರೀನಳಿಗೆ ಅದು ಶುಕ್ರವಾರ ಬಂದಿತ್ತು. ಬಾಡಿಗೆ ನೆರವು, ಮನೆ ತೆರಿಗೆಯ ರಿಯಾಯಿತಿ, ಎರಡನ್ನೂ ಮರುಪರಿಶೀಲನೆ ಮಾಡಲು ಅಧಿಕಾರಿಯೊಬ್ಬರು ಮನೆಗೆ ಬರುತ್ತಾರೆ ಎಂದಿತ್ತು. ಎಪ್ಪತ್ತೆರಡರ ವಿಧವೆ, ಕೈಗೆ ಬರುವ ಪಿಂಚಣಿ ಊಟಕ್ಕೂ ಗ್ಯಾಸಿಗೂ ಸರಿಹೋಗುತ್ತಿತ್ತು. ಬಾಡಿಗೆಯ ಬಹುಪಾಲನ್ನು ಕೌನ್ಸಿಲ್ ಕೊಡುತ್ತಿದ್ದದ್ದು ಅವಳು ಒಂಟಿ ಎಂಬ ಕಾರಣಕ್ಕೆ. ಒಂಟಿ ಅಲ್ಲ ಎಂದು ಬರೆದುಕೊಂಡರೆ ಮೊದಲು ನೆರವು ನಿಲ್ಲುತ್ತದೆ, ಆಮೇಲೆ ಮನೆ ಹೋಗುತ್ತದೆ. ಈ ಹೆದರಿಕೆ ಅವಳ ಜೊತೆ ನಾಲ್ಕು ವರ್ಷದಿಂದ ಸಂಸಾರ ಮಾಡುತ್ತಿತ್ತು. ವಿಲ್ಫ್ ಗೆಳೆಯನಾದ ಮೇಲೆ.

ವಿಲ್ಫ್ ಮೀನು ಬಂದರಿನಲ್ಲಿ ನಲವತ್ತು ವರ್ಷ ಮಂಜುಗಡ್ಡೆ ಎತ್ತಿ, ಸಂಬಳದ ಜೊತೆಗೆ ಒಂದು ಕೆಮ್ಮನ್ನೂ ಸಂಪಾದಿಸಿದ್ದ ಮುದುಕ. ಎರಡು ಬೀದಿ ಆಚೆ ಅವನದೇ ಒಂದು ಕೋಣೆ, ಗೋಡೆಯೆಲ್ಲ ತೇವ. ದಿನಾ ಸಂಜೆ ಇವಳಲ್ಲಿ ಊಟ. ಆದರೆ ರಾತ್ರಿ ಉಳಿಯುವುದು ವಾರಕ್ಕೆ ಎರಡೇ ದಿನ, ಬುಧವಾರ ಮತ್ತು ಶನಿವಾರ. ಈ ಕಾನೂನನ್ನು ಅವಳಿಗೆ ಹೇಳಿಕೊಟ್ಟವಳು ಪಕ್ಕದ ಮನೆಯ ಗ್ಲೆನಿಸ್. "ಮೂರು ರಾತ್ರಿ ಉಳಿದ್ರೆ ಗಂಡ ಅಂತ ಬರ್ಕೋತಾರೆ ಕಣೇ. ಎರಡಾದ್ರೆ ನೆಂಟ." ಬಸ್‌ಸ್ಟಾಪಿನ ಹೆಂಗಸರೂ ಅದನ್ನೇ ಹೇಳುತ್ತಿದ್ದರು, ಕೂದಲು ಕತ್ತರಿಸುವವಳೂ ಅದನ್ನೇ. ಎಲ್ಲಿ ಬರೆದಿದೆ ಎಂದು ಯಾರೂ ನೋಡಿರಲಿಲ್ಲ, ಯಾರಿಗೂ ಅನುಮಾನವೂ ಇರಲಿಲ್ಲ. ಉಳಿದ ಐದು ದಿನ ಎಂಟು ಗಂಟೆ ಹೊಡೆದರೆ ಸಾಕು, ಮಳೆ ಇರಲಿ, ಹಿಮ ಬೀಳಲಿ, ವಿಲ್ಫ್ ಟೋಪಿ ಹಾಕಿಕೊಳ್ಳುತ್ತಿದ್ದ. "ಆಯ್ತು ಮಾರಾಯ್ತಿ, ನೆಂಟ ಹೊರಟ."

ನಿನ್ನೆ ಮಾತ್ರ ನೆಂಟ ಹೊರಡಲಿಲ್ಲ. ಮೈ ಸುಡುತ್ತಿತ್ತು, ಮೆಟ್ಟಿಲ ತನಕವೂ ಬರಲಾಗಲಿಲ್ಲ. ಬೆಳಿಗ್ಗೆ ಫೋನ್ ಮಾಡಿದ್ದಕ್ಕೆ ಡಾಕ್ಟರು ಮಧ್ಯಾಹ್ನದ ಮೇಲೆ ಬರುತ್ತೇನೆಂದರು.

ಹತ್ತಕ್ಕೆ ಗ್ಲೆನಿಸ್ ಧೈರ್ಯ ಹೇಳಲು ಬಂದಳು. ಧೈರ್ಯ ಹೇಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

"ಬುಧವಾರ, ಶನಿವಾರ, ಭಾನುವಾರ. ಮೂರಾಯ್ತಲ್ಲೇ!"

"ಭಾನುವಾರ ಈ ವಾರದ ಲೆಕ್ಕಕ್ಕೆ ಹಾಕ್ಕೊಂಡ್ರೆ?"

"ಕೌನ್ಸಿಲ್‌ನೋರ ವಾರ ಸೋಮವಾರ ಶುರು. ಮೂಲೆಮನೆ ಕಾರ್ಲೀನ್ ಗತಿ ಏನಾಯ್ತು, ಮರೆತ್ಯಾ? ಈಗ ತಂಗಿ ಮನೆ ಸೋಫಾ ಮೇಲೆ ಬಿದ್ಕೊಂಡಿದಾಳೆ." ಇಷ್ಟು ಹೇಳಿ, ಅಧಿಕಾರಿಯ ಕಣ್ಣಿಗೆ ಬೀಳಬಾರದೆಂದು ಹಿಂಬಾಗಿಲಿನಿಂದ ಜಾರಿಕೊಂಡಳು.

ನೋರೀನ್ ಮಹಡಿ ಹತ್ತಿ ವಿಲ್ಫನ ಹಣೆ ಮುಟ್ಟಿದಳು. "ಒಂದರ್ಧ ಗಂಟೆ ಕೆಮ್ಮಬೇಡ ಕಣೋ, ನಿನ್ನ ದಮ್ಮಯ್ಯ."

"ಸತ್ತ ಹಾಗೆ ಬಿದ್ದಿರ್ತೀನಿ, ಹೋಗು," ಎಂದ ವಿಲ್ಫ್. ಆ ಮಾತು ಅವಳಿಗೆ ಹಿಡಿಸಲಿಲ್ಲ.

ಹನ್ನೊಂದಕ್ಕೆ ಬಂದ ಅಧಿಕಾರಿ ನಜ್ಮಾ ಎಂಬ ಮೂವತ್ತರ ಹೆಂಗಸು. ಬಾಗಿಲಲ್ಲೇ ಕಾಲೊರೆಸಿಕೊಂಡು, ಒದ್ದೆ ಕೋಟು ಕಳಚಿ ಕೂತಳು. ನೋರೀನ್ ಟೀ ತಂದಿಟ್ಟಳು.

"ಎರಡು ಚಮಚ ಸಕ್ಕರೆ ಸಿಗುತ್ತಾ ಮಿಸೆಸ್ ಹಾಲ್‌ರಾಯ್ಡ್?"

ಡಬ್ಬದೊಳಗಿನ ರೇಜರು ನೋರೀನಳ ಕಣ್ಣ ಮುಂದೆ ಬಂತು. "ಸಕ್ಕರೆ... ಮುಗಿದಿದೆ."

ನಜ್ಮಾ ಮುಖ ಸಿಂಡರಿಸದೆ ಹಾಗೇ ಕುಡಿದಳು. ಪಿಂಚಣಿ ಕಾಗದ ನೋಡಿದಳು, ಬ್ಯಾಂಕಿನದು ನೋಡಿದಳು, ಬಾಡಿಗೆ ಚೀಟಿ ನೋಡಿದಳು. ಆಮೇಲೆ ಪೆನ್ನು ಎತ್ತಿಕೊಂಡು, "ಮನೇಲಿ ನೀವೊಬ್ಬರೇನಾ?" ಎಂದು ಕೇಳಿದಳು.

"ಒಬ್ಬಳೇ."

ಮೇಲಿನಿಂದ ಕೆಮ್ಮು ಕೇಳಿತು.

"ಬೆಕ್ಕು," ಎಂದಳು ನೋರೀನ್.

"ಅಯ್ಯೋ ಪಾಪ, ದೊಡ್ಡ ಬೆಕ್ಕೇ ಇರ್ಬೇಕು."

ಕೆಮ್ಮು ಬಿಡದೆ ಬಂತು. ಆಮೇಲೆ ಏನೋ ಭಾರವಾದದ್ದು ನೆಲಕ್ಕೆ ಧೊಪ್ಪೆಂದು ಬಿತ್ತು. ಅಲ್ಲಿಗೆ ಎಲ್ಲ ನಿಂತುಹೋಯಿತು. ಒಂದು ಸದ್ದೂ ಇಲ್ಲ.

ನೋರೀನ್ ತಕ್ಷಣ ಏಳಲಿಲ್ಲ. ನಜ್ಮಾಳ ಪೆನ್ನಿನ ತುದಿಯನ್ನೇ ನೋಡುತ್ತ ಕೂತಳು. ಎದ್ದರೆ ಮನೆ ಹೋಯಿತು. ಗೋಡೆಯ ಅಲಂಕಾರದ ಕಾಗದ ತಾನೇ ಅಂಟಿಸಿದ್ದು, ಗಂಡ ಕಣ್ಣು ಮುಚ್ಚಿದ್ದು ಇದೇ ಮನೆಯಲ್ಲಿ. ಕೂತರೆ? ಎಷ್ಟು ಹೊತ್ತು ಕೂತಿದ್ದಳೋ, ನಾಲ್ಕು ಉಸಿರಿನಷ್ಟು ಇರಬಹುದು. ಆ ನಾಲ್ಕು ಉಸಿರಿಗಾಗಿ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

"ವಿಲ್ಫ್!" ಎಂದು ಕಿರುಚಿ ಮೆಟ್ಟಿಲಿಗೆ ಓಡಿದಳು.

ಮಂಚದ ಕೆಳಗೆ ಅಡಗಲು ಹೋಗಿ ಮುದುಕ ಕವುಚಿ ಬಿದ್ದಿದ್ದ. ಅರ್ಧ ದೇಹ ಒಳಗೆ, ಅರ್ಧ ಹೊರಗೆ. ಹಿಂದೆಯೇ ಬಂದ ನಜ್ಮಾ ಒಂದು ತೋಳು ಹಿಡಿದಳು, ನೋರೀನ್ ಇನ್ನೊಂದು. ಮಂಚಕ್ಕೆ ಎತ್ತಿ ಕೂರಿಸಿದಾಗ ಅವನು ಕಣ್ಣು ಬಿಟ್ಟು ಹೊಸ ಮುಖವನ್ನು ನೋಡಿದ.

"ನಲ್ಲಿ ರಿಪೇರಿಗೆ ಬಂದೋನು ಮೇಡಂ," ಎಂದ, ಪೈಜಾಮದಲ್ಲೇ.

ನೋರೀನಳಿಗೆ ಅಳು ಒತ್ತರಿಸಿ ಬಂತು. "ಸುಳ್ಳು ಸಾಕು. ನನ್ನ ಸ್ನೇಹಿತ ಇವನು. ಬುಧವಾರ, ಶನಿವಾರ ಉಳೀತಾನೆ. ನಿನ್ನೇದು ಮೂರನೇ ರಾತ್ರಿ. ಬರ್ಕೊಳ್ಳಿ. ಮನೆ ತಗೊಳ್ಳಿ. ಆದ್ರೆ ಡಾಕ್ಟರು ಬರೋ ತನಕ ಇವನನ್ನ ಎಬ್ಬಿಸಬೇಡಿ."

"ಮೂರನೇ ರಾತ್ರಿ ಅಂದ್ರೆ ಏನು?"

"ಮೂರಾದ್ರೆ ಗಂಡ ಅಂತೀರಲ್ಲ ನೀವು!"

ನಜ್ಮಾ ಮಂಚದ ತುದಿಯಲ್ಲಿ ಕೂತಳು. "ಯಾರು ಹೇಳಿದ್ದು ನಿಮಗೆ? ರಾತ್ರಿ ಎಣಿಸೋ ಕಾನೂನೇ ಇಲ್ಲ. ಇವರಿಗೆ ಬೇರೆ ಮನೆ ಇದೆಯಾ? ಬಾಡಿಗೆ, ಖರ್ಚು ಎಲ್ಲ ಬೇರೆನಾ?"

"ಎಲ್ಲ ಬೇರೆ. ತೇವದ ಗೂಡು ಅದು."

"ಹಾಗಿದ್ರೆ ಹುಷಾರಿಲ್ದೋರು ನಿಮ್ಮಲ್ಲಿ ಮಲಗಿದಾರೆ, ಅಷ್ಟೇ. ಇಷ್ಟಕ್ಕೆ ಯಾರ ಮನೇನೂ ಹೋಗಲ್ಲ. ಮುಂದೆ ಒಟ್ಟಿಗೇ ಸಂಸಾರ ಮಾಡೋದು ಅಂತಾದ್ರೆ ಕೂಡಲೇ ನಮಗೆ ಹೇಳಿ, ಇಬ್ಬರ ಆದಾಯ ಸೇರಿಸಿ ಲೆಕ್ಕ ಹಾಕ್ತೀವಿ. ಆಗ ನೆರವು ಕಡಿಮೆ ಆಗಬಹುದು. ಮುಚ್ಚಿಟ್ಟರೆ ಮಾತ್ರ ತೊಂದರೆ."

ಕೋಟು ಹಾಕಿಕೊಳ್ಳುತ್ತ ಅವಳು ಸಂಕೋಚದಿಂದಲೇ ಕೇಳಿದಳು. "ಎಷ್ಟು ವರ್ಷದಿಂದ ಹೀಗೆ ಎಣಿಸ್ತಿದ್ರಿ?"

"ನಾಲ್ಕು," ಎಂದಳು ನೋರೀನ್. ಅಷ್ಟು ಚಳಿಗಾಲಗಳಲ್ಲಿ ತಾನೇ ಬಾಗಿಲು ತೆರೆದು ಆ ಕೆಮ್ಮನ್ನು ಹೊರಗೆ ಕಳಿಸಿದ್ದಳು.

ಡಾಕ್ಟರು ಮಧ್ಯಾಹ್ನ ಬಂದು ಎದೆಗೆ ಸೋಂಕಾಗಿದೆ ಎಂದು ಮಾತ್ರೆ ಬರೆದುಕೊಟ್ಟರು. ಬೆಚ್ಚಗಿರಬೇಕು ಎಂದರು. ಸಂಜೆ ವಿಲ್ಫ್ ಸೂಪು ಕುಡಿದ. ಎಂಟು ಗಂಟೆ ಹೊಡೆದದ್ದೇ ತಡ, ಮೇಲಿನಿಂದ ಅವನ ದನಿ ಬಂತು.

"ಇವತ್ತು ಸೋಮವಾರ ಅಲ್ವಾ? ನನ್ನ ಬೂಟೆಲ್ಲಿಟ್ಟೆ ಮಾರಾಯ್ತಿ?"

ನೋರೀನ್ ಮಷಿನ್ನಿನ ಮುಂದೆ ನಿಂತಳು. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಸೋಪಿನ ಪುಡಿ ಸುರಿದು ಗುಂಡಿ ಒತ್ತಿದಳು. ಒಳಗೆ ನೀರು ತುಂಬಿ ಬೂಟುಗಳು ಧಡಧಡ ಉರುಳತೊಡಗಿದವು.

"ಒಗೆಯೋಕೆ ಹಾಕಿದೀನಿ," ಎಂದು ಕೂಗಿದಳು. "ಈ ವಾರ ಒಣಗಲ್ಲ."