ನಾಲೆಗೆ ನೀರು ಬಂದ ಭಾನುವಾರ

"ಬಂತು! ಬಂತು ನೋಡ್ರೀ!" ಎಂದು ಯರ್ರಿಸ್ವಾಮಿ ಮೂರನೇ ಸಲ ಕೂಗಿದ. ಮೂರನೇ ಸಲವೂ ಬಂದದ್ದು ಬರೀ ಗಾಳಿ.

ಹೆಂಡತಿ ಕಾಟಮ್ಮ ನಕ್ಕಳು. "ಮದುವೆ ದಿನಾನೂ ನೀವು ಹಿಂಗೆ ಕುಣೀಲಿಲ್ಲ ಬಿಡ್ರಿ."

"ಅವತ್ತು ನೆಟ್ಟಗೆ ನಿಲ್ಲಾಕೇ ಆಗ್ತಿರ್ಲಿಲ್ಲ, ಇನ್ನು ಕುಣಿಯಾದು ಎಲ್ಲಿ ಬಂತೇ?"

ದಂಡೆ ಮೇಲಿದ್ದ ಪ್ರಾರ್ಥನಾ ಮನೆಯ ಹದಿನೈದು ಜನವೂ ಗೊಳ್ಳೆಂದರು. ಇವತ್ತು ಯರ್ರಿಸ್ವಾಮಿಯ ದೀಕ್ಷಾಸ್ನಾನ, ನಾಲೆಯ ನೀರಲ್ಲಿ ಮುಳುಗೆದ್ದು ಕ್ರಿಸ್ತನವನಾಗುವ ದಿನ. ಕುಡಿತ ಬಿಟ್ಟು ಹನ್ನೊಂದು ತಿಂಗಳು. ಬಿಳಿ ಪಂಚೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ತ್ಯಾವಣಿಗೆ ಆಚೆಯ ಈ ನಾಲೆ ಇಪ್ಪತ್ತು ದಿನದಿಂದ ಒಣಗಿ ಬಿದ್ದಿತ್ತು. ನೀರು ಬರುವ ದಿನವನ್ನೇ ನೋಡಿ ಮುಹೂರ್ತ ಇಟ್ಟವನು ಇವನೇ. ಹದಿನಾರು ವರ್ಷ ಸೌಡಿಯಾಗಿದ್ದವನು, ಅಂದರೆ ನಾಲೆಯ ಗೇಟು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುತ್ತಿದ್ದವನು. ಕುಡಿತ ಆ ಕೆಲಸವನ್ನು ನುಂಗಿತ್ತು, ಲೆಕ್ಕ ಮಾತ್ರ ತಲೆಯಲ್ಲೇ ಉಳಿದಿತ್ತು. "ಮೇಲೆ ಏಳಕ್ಕೆ ಗೇಟು ಎತ್ತಿದ್ರೆ ಇಲ್ಲಿಗೆ ಹತ್ತೂವರೆ. ಬೇಕಾದ್ರೆ ಗಡಿಯಾರ ಹಿಡಕಂಡು ನಿಲ್ರಿ" ಎಂದು ಬೆಳಗಿನಿಂದ ಎಲ್ಲರ ತಲೆ ತಿಂದಿದ್ದ.

ಇಷ್ಟು ಸಡಗರದ ನಡುವೆ ಒಂದೇ ಒಂದು ಪುಕುಪುಕು. ಹೋದ ವಾರ ಪಾಸ್ಟರ್ ಪರಶುರಾಮ್ ಕೇಳಿದ್ದರು: "ಕುಡಿತ ಬಿಡಿಸಿದ್ದು ಕರ್ತ, ಸರಿನಪ್ಪ. ಆದ್ರೆ ನಿನ್ನ ಯಾತಕ್ಕೆ ಉಳಿಸಿದ? ನೀರಿಗಿಳಿಯಾಕೆ ಮುಂಚೆ ಎಲ್ಲರ ಮುಂದೆ ಹೇಳಬೇಕು ನೋಡು."

ವಾರವೆಲ್ಲ ತಲೆ ಕೆಡಿಸಿಕೊಂಡರೂ ಉತ್ತರ ಹೊಳೆದಿರಲಿಲ್ಲ. ಹೆಂಡತಿಗಾಗಿ ಎನ್ನೋಣವೆಂದರೆ ಆಕೆ ಇವನಿದ್ದೂ ಇಲ್ಲದ ಕಾಲದಲ್ಲೇ ಸಂಸಾರ ತೂಗಿಸಿದವಳು. ಗೇಟಿಗೆ ಬೇರೆ ಸೌಡಿ ಬಂದಾಗಿತ್ತು. ಜೊತೆಗೆ ಕುಡಿದವರಲ್ಲಿ ಮೂವರು ಮಣ್ಣಾಗಿದ್ದರು, ಇವನು ಉಳಿದಿದ್ದ. ಯಾಕಪ್ಪಾ ತಂದೇ? ನನ್ನಿಂದ ನಿನಗೆ ಏನಾಗಬೇಕಾಗೈತೆ?

ಕಾಟಮ್ಮ ಕೊಡೆ ಬಿಚ್ಚಿದಳು. "ಏನು ಬಿಸಿಲಪ್ಪಾ! ಆ ಸೇತುವೆ ಕೆಳಗಾದ್ರೆ ತಣ್ಣಗೆ ಇರ್ತೈತೇನೋ."

ಸೇತುವೆ ಕೆಳಗೆ! ಯರ್ರಿಸ್ವಾಮಿ ಗಕ್ಕನೆ ಆ ಕಡೆ ತಿರುಗಿದ. ನಾಲೆ ಒಣಗಿತೆಂದರೆ ಕುಡುಕರ ಬೈಠಕ್ ಅಲ್ಲೇ. ತಂಪು, ಯಾರ ಕಣ್ಣಿಗೂ ಬೀಳುವುದಿಲ್ಲ. ಇವನೂ ವರ್ಷಗಟ್ಟಲೆ ಅಲ್ಲೇ ಬಿದ್ದಿದ್ದವನು. ನೀರು ಬರುವ ದಿನ ಗೊತ್ತಿದ್ದದ್ದು ಇವನೊಬ್ಬನಿಗೇ. ಎಷ್ಟೇ ಏರಿಸಿದ್ದರೂ "ಏಳ್ರಲೇ, ನೀರು ಬರ್ತೈತೆ" ಎಂದು ಎಲ್ಲರನ್ನೂ ಒದ್ದು ಎಬ್ಬಿಸುತ್ತಿದ್ದ. ಹನ್ನೊಂದು ತಿಂಗಳಿಂದ ಇವನು ಆ ಕಡೆ ಹೋಗಿಲ್ಲ. ಇವತ್ತು ಎಬ್ಬಿಸುವವರು ಯಾರು?

ಪಂಚೆ ಎತ್ತಿಕಟ್ಟಿ ಓಟ ಕಿತ್ತ. "ರೀ, ಎಲ್ಲಿಗ್ರೀ?" ಎಂದು ಕಾಟಮ್ಮ ಚೀರಿದಳು. "ಅಯ್ಯೋ, ಹೆದರಿ ಓಡಿದನೇನಪ್ಪಾ!" ಎಂದು ಪಾಸ್ಟರ್ ಬೆನ್ನು ಹತ್ತಿದರು. ಮಿಕ್ಕವರೂ ಓಡಿದರು.

ಸೇತುವೆ ಕೆಳಗೆ ಗೋಣಿಚೀಲದ ಮೇಲೆ ಒಬ್ಬನೇ ಒಬ್ಬ ಅಂಗಾತ ಬಿದ್ದಿದ್ದ. ರುದ್ರಮುನಿ. ಒಂದು ಕಾಲದಲ್ಲಿ ಇಬ್ಬರೂ ಒಂದೇ ಲೋಟದಲ್ಲಿ ಕುಡಿದವರು.

"ಏಳಲೇ ರುದ್ರಾ! ನೀರು!"

ರುದ್ರಮುನಿ ಅರ್ಧ ಕಣ್ಣು ತೆರೆದು ಹಲ್ಲು ಕಿರಿದ. "ಬಂದೇನಲೇ ಯರ್ರೀ... ಕುಂದ್ರು. ನಿನ್ನ ಪಾಲು ಐತೆ" ಎಂದು ಅರ್ಧ ಉಳಿದ ಪೌಚು ಮುಂದೆ ಚಾಚಿದ.

ವಾಸನೆ ಮೂಗಿಗೆ ಬಡಿಯಿತು. ಸುಳ್ಳು ಯಾಕೆ ಹೇಳಬೇಕು, ಬಾಯಲ್ಲಿ ನೀರೂರಿತು. ಕೈ ಮುಂದೆ ಹೋಯಿತು ಕೂಡ. ಹೋದ ಕೈ ರುದ್ರಮುನಿಯ ಕೊರಳಪಟ್ಟಿ ಹಿಡಿಯಿತು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಸರಸರ ಸದ್ದು. ಈ ಸಲ ಗಾಳಿಯಲ್ಲ. ತರಗೆಲೆ, ಪ್ಲಾಸ್ಟಿಕ್ಕು, ಕಂದು ನೊರೆಯನ್ನೆಲ್ಲ ಮುಂದೆ ತಳ್ಳಿಕೊಂಡು ನೀರು ಬಂದೇಬಿಟ್ಟಿತು. ಯರ್ರಿಸ್ವಾಮಿ ಅವನ ಕಂಕುಳಿಗೆ ಕೈ ಹಾಕಿ ದರದರ ಎಳೆದ. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ನಾಲೆಯ ಇಳಿಜಾರಿನಲ್ಲಿ ಎರಡು ಸಲ ಜಾರಿ ಬಿದ್ದ.

"ಬಿಡಲೇ ನನ್ನ!"

"ಬಿಡಲ್ಲ ಕಣಲೇ! ಏನಾದ್ರೂ ಬಿಡಲ್ಲ!" ಎಂದು ಯರ್ರಿಸ್ವಾಮಿ ಗರ್ಜಿಸಿದ. ತನ್ನ ಗಂಟಲಲ್ಲಿ ಅಷ್ಟು ಖುಷಿ ಎಲ್ಲಿತ್ತೋ ಅವನಿಗೇ ತಿಳಿಯದು.

ಪಾಸ್ಟರ್ ಸೇತುವೆ ಪಕ್ಕದ ಬಟ್ಟೆ ಒಗೆಯುವ ಮೆಟ್ಟಿಲಿಳಿದು ಕೆಳಗಿಂದ ಎತ್ತಿಕೊಟ್ಟರು, ಮಿಕ್ಕವರು ಮೇಲಿಂದ ಜಗ್ಗಿದರು. ದಂಡೆಗೆ ಬಿದ್ದವನೇ ರುದ್ರಮುನಿ ಯರ್ರಿಸ್ವಾಮಿಯ ಬಿಳಿ ಅಂಗಿಯ ಮೇಲೆ ಭಳ್ಳನೆ ಕಾರಿಕೊಂಡ.

"ನನ್ನ ಚಪ್ಪಲಿ ಹೋತಲ್ಲೋ" ಎಂದು ಮಗುವಿನಂತೆ ಅಳತೊಡಗಿದ. ಆಮೇಲೆ ಅದೇ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಮೆಲ್ಲಗೆ ಹೇಳಿದ: "ಮೊದ್ಲು ನೀನು ಎಬ್ಬಿಸ್ತಿದ್ದೆ. ಈಗ ಯಾರೂ ಎಬ್ಬಿಸಾಕೆ ಬರಲ್ಲ ಕಣೋ."

ಯರ್ರಿಸ್ವಾಮಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಪಾಸ್ಟರ್ ಇನ್ನೂ ಮೆಟ್ಟಿಲ ಮೇಲೆ, ಸೊಂಟದವರೆಗಿನ ನೀರಲ್ಲೇ ನಿಂತಿದ್ದರು. ಕರ್ತ ಯಾತಕ್ಕೆ ಉಳಿಸಿದ ಎಂದು ಕೇಳಬೇಕಿತ್ತು, ಕೇಳಲಿಲ್ಲ. "ಬಾರಪ್ಪ" ಎಂದು ದೀಕ್ಷಾಸ್ನಾನಕ್ಕೆ ಕರೆದು ಕೈ ಚಾಚಿದರು.

ಯರ್ರಿಸ್ವಾಮಿ ಏಳಲು ಹೋದ. ರುದ್ರಮುನಿಯ ಮುಷ್ಟಿ ಬಿಚ್ಚಲಿಲ್ಲ. ಮತ್ತೆ ಅವನ ಪಕ್ಕದಲ್ಲೇ ಕುಂತ.

"ಸ್ವಲ್ಪ ತಡೀರಿ ಪಾಸ್ಟ್ರೇ. ಇವನು ಏಳ್ಲಿ."

ಕಾಟಮ್ಮ ಬಂದು ಕೊಡೆಯನ್ನು ಇಬ್ಬರ ತಲೆಯ ಮೇಲೂ ಹಿಡಿದಳು. ಸೇತುವೆಯ ಕೆಳಗೆ ಎಲ್ಲೋ ಸಿಕ್ಕಿಕೊಂಡಿದ್ದ ಒಂಟಿ ಚಪ್ಪಲಿ ಬಿಡಿಸಿಕೊಂಡು ಬಂದು, ಪಾಸ್ಟರ್ ಪಕ್ಕದಲ್ಲಿ ಒಂದು ಸುತ್ತು ತಿರುಗಿ, ನೀರಿನ ಜೊತೆ ಮುಂದೆ ಹೋಯಿತು.