ಎಡಪಕ್ಕೆಯ ಗೆರೆ

ಲಿಪಿಕಾರ ಕುಂಚವನ್ನು ಮಸಿಯಲ್ಲಿ ಅದ್ದಿ, ನೆಸ್‌ಮಿನ್‌ನ ಎಡಪಕ್ಕೆಯ ಮೇಲೆ ಗೇಣುದ್ದದ ಗೆರೆ ಎಳೆದು ಹಿಂದೆ ಸರಿದ. ಇನ್ನು ಕೊಯ್ಯುವವನ ಕೆಲಸ. ನೈಲ್ ನದಿಯ ಪಡುವಣ ದಂಡೆಯಲ್ಲಿ ಹೆಣ ಕೊಯ್ಯಲು ಇದ್ದವನು ನೆಸ್‌ಮಿನ್ ಒಬ್ಬನೇ. ಅವನೀಗ ತಾನೇ ಹೆಣವಾಗಿ ಹಲಗೆಯ ಮೇಲೆ ಮಲಗಿದ್ದ.

"ತಗೋ ಮಗ," ಎಂದು ತಹಾಪಿ ಗಂಡನ ಕರಿಗಲ್ಲಿನ ಚಾಕುವನ್ನು ಮಗನ ಮುಂದೆ ಹಿಡಿದಳು.

ಪಖೋಮ್ ಕೈ ಚಾಚಲಿಲ್ಲ. ಅವನ ಉಗುರಿನ ಸಂದಿಯಲ್ಲಿ ಕುಂಬಾರಿಕೆಯ ಮಣ್ಣು ಇನ್ನೂ ಇತ್ತು. "ಅಪ್ಪ ಏನಂದಿದ್ದ, ಮರೆತ್ಯಾ ಅವ್ವ? 'ನನ್ನನ್ನ ಹಾಗೇ ಮರಳಲ್ಲಿ ಹೂತುಬಿಡಿ, ಮಗನ ಕೈಗೆ ಚಾಕು ಕೊಡಬ್ಯಾಡಿ' ಅಂದಿದ್ನಲ್ಲ."

"ಅವನಿಗೇನು, ಅಂದುಬಿಟ್ಟ. ಕೊಳೆತ ಮೈ ಹೊತ್ಕೊಂಡು ಸತ್ತವರ ನ್ಯಾಯ ನೋಡೋ ಒಸಿರಿಸ್ ದೇವರ ಮುಂದೆ ಹೆಂಗೆ ನಿಂತಾನು? ಮೇಲೂರಿಂದ ಇನ್ನೊಬ್ಬ ಬರೋಕೆ ನಾಕು ದಿನ ಬೇಕು. ಈ ಬಿಸಿಲಲ್ಲಿ ತಡೀತದಾ?"

"ಇದನ್ನ ಹಿಡಿದವನ್ನ ಕುಂಬಾರ ಪೆತೇಸ ಮತ್ತೆ ಚಕ್ರದ ಹತ್ರ ಸೇರಿಸ್ತಾನಾ?"

"ಇವತ್ತೊಂದಿನ ಮಗ. ಪೆತೇಸನ ಕಾಲು ನಾನು ಹಿಡ್ಕೋತೀನಿ."

ಗೋಡೆಯಾಚೆ ನೆರೆಯವರು ಕಲ್ಲು ಆರಿಸುತ್ತಿದ್ದ ಸದ್ದು ಕೇಳುತ್ತಿತ್ತು.

*

ಸತ್ತವರ ಮೈಗೆ ಗಾಯ ಮಾಡುವುದು ಪಾಪ. ಆದರೆ ಆ ಗಾಯದಿಂದ ಕರುಳು ತೆಗೆದು ಉಪ್ಪಿನಲ್ಲಿಡದಿದ್ದರೆ ಮೈ ಕೊಳೆಯದೆ ಉಳಿಯುವುದಿಲ್ಲ. ಹಾಗಾಗಿ ಕೊಯ್ದವನನ್ನು ಬೈದು, ಕಲ್ಲು ಹೊಡೆದು ಓಡಿಸಿದರೆ ಎಲ್ಲರ ಕೈಯೂ ಶುದ್ಧ. ಅವನು ಬೇಕು, ಅವನ ನೆರಳು ಬೇಡ, ಅಂಥ ಊರು. ಆದರೂ ಗುರಿ ತಪ್ಪಿಸಿ ಹೊಡೆಯುವಷ್ಟು ಮರ್ಯಾದೆ ಜನಕ್ಕಿತ್ತು.

ಮೂವತ್ತು ವರ್ಷ ನೆಸ್‌ಮಿನ್ ಹಾಗೆ ಓಡಿದ. ಸಂಜೆ ಗೋಡೆಗೆ ಮುಖಮಾಡಿ ಕೂತರೆ ತಹಾಪಿ ಬೆನ್ನಿಗೆ ಹರಳೆಣ್ಣೆ ಹಚ್ಚುತ್ತಿದ್ದಳು. "ಇವತ್ತು ಎರಡೇ ಕಲ್ಲು ತಾಗಿದ್ದು ಕಣೆ. ಒಳ್ಳೆ ಜನ," ಎನ್ನುತ್ತಿದ್ದ. ಮಗನಿಗೆ ಈ ಓಟ ಬೇಡವೆಂದು ಕುಂಬಾರ ಪೆತೇಸನ ಅಂಗಳದಾಚೆ ನಿಂತು ಏಳು ವರ್ಷ ಬೇಡಿಕೊಂಡು, ಅವನನ್ನು ಚಕ್ರದ ಕೆಲಸಕ್ಕೆ ಸೇರಿಸಿದ್ದ.

ಮೊನ್ನೆ ಗ್ರೀಕ್ ನಾಡಿನಿಂದ ಬಂದಿದ್ದ ಕೋಟೆಯ ಯವನ ಸಿಪಾಯಿಯೊಬ್ಬನ ಹೆಂಡತಿ ತೀರಿಕೊಂಡಳು. ಅವಳು ಈ ನೆಲದವಳು, ಶಾಸ್ತ್ರವೂ ಇಲ್ಲಿಯದೇ. ಕಲ್ಲು ಹೊಡೆಯಬೇಕೆಂದು ಅವನಿಗೆ ಹೇಳಿದರು. ತಾಗಬಾರದೆಂದು ಹೇಳಲು ಯಾರಿಗೂ ನೆನಪಾಗಲಿಲ್ಲ. ದುಃಖದಲ್ಲಿದ್ದವನು ತೋಳೆತ್ತಿ ಬೀಸಿದ. ನೆಸ್‌ಮಿನ್‌ನ ತಲೆ ಒಡೆಯಿತು.

ದೂರು ಒಯ್ದ ತಹಾಪಿಗೆ ಕೋಟೆಯ ಗುಮಾಸ್ತ ನಕ್ಕು ಹೇಳಿದ: "ನಿಮ್ಮ ಶಾಸ್ತ್ರಾನೇ ಅಲ್ವೇನಮ್ಮ? ನಿಮಗಿಂತ ಚೆನ್ನಾಗಿ ಮಾಡಿದಾನೆ."

*

ಪಖೋಮ್ ಕೊನೆಗೆ ಚಾಕು ತೆಗೆದುಕೊಂಡು ಗೆರೆಯ ಮೇಲೇ ಕೊಯ್ದ. ಚಾಕು ಹಿಡಿದೇ ಹೊರಗೆ ಓಡಿದ.

ಮೊದಲ ಕಲ್ಲು ಸತ್ತವನ ಹೆಂಡತಿಯದು. ಅದು ಬೀಳುವ ತನಕ ಬೇರೆಯವರು ಕೈ ಎತ್ತುವಂತಿಲ್ಲ. ತಹಾಪಿ ಕಲ್ಲನ್ನು ಮುಷ್ಟಿಯಲ್ಲೇ ಬಿಗಿಹಿಡಿದು, ಮಗ ಖರ್ಜೂರದ ಮರಗಳನ್ನು ದಾಟಲಿ ಎಂದು ಕಾದಳು.

"ಹೊಡಿಯಮ್ಮ," ಎಂದ ಪೂಜಾರಿ. "ಹೊಡೀದಿದ್ರೆ ನಿನ್ನ ಗಂಡನ್ನ ನಾವು ಮುಟ್ಟಂಗಿಲ್ಲ. ಉಪ್ಪಲ್ಲಿ ಹಾಕೋರು ಯಾರು?"

ಅವಳು ಅಲುಗಲಿಲ್ಲ. ಅಷ್ಟರಲ್ಲಿ ಪಖೋಮ್ ನಿಂತ, ತಿರುಗಿದ, ನಡೆದುಕೊಂಡೇ ವಾಪಸು ಬಂದು ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ಬೆನ್ನುಕೊಟ್ಟು ನಿಂತ.

"ಹೊಡಿ ಅವ್ವ. ಕೊಯ್ದಿದ್ದು ದಂಡ ಆಗೋದು ಬ್ಯಾಡ."

ಅವಳು ಹೊಡೆದಳು. ಹೆಗಲಿಗೆ ತಾಗಿತು. ಆಮೇಲೆ ಎಲ್ಲರೂ ಹೊಡೆದರು. ಇವರೆಲ್ಲ ಮೊನ್ನೆ ಆ ಸಿಪಾಯಿ ಹೊಡೆದದ್ದನ್ನು ನೋಡಿದವರು. ಹಳೆಯ ಮರ್ಯಾದೆ ಎರಡೇ ದಿನಕ್ಕೆ ಮರೆತುಹೋಗಿತ್ತು. ಪೆತೇಸ ಎರಡು ಕಲ್ಲು ಹೊಡೆದ, ಎರಡೂ ತಾಗಿದವು.

ಸಂಜೆ ತಹಾಪಿ ಮನೆಗೆ ಬಂದಾಗ ಪಖೋಮ್ ಪೆತೇಸನಲ್ಲಿ ಕೆಲಸಕ್ಕೆ ಉಡುತ್ತಿದ್ದ ಮಣ್ಣುಮೆತ್ತಿದ ಬಟ್ಟೆಯನ್ನು ಯಾರೋ ಹೊಸ್ತಿಲಾಚೆ ಎಸೆದುಹೋಗಿದ್ದರು. ಅದನ್ನು ಎತ್ತಿ ಕೊಡವಿ ಒಳಗೆ ತಂದಳು. ಮಗ ಅಪ್ಪನ ಜಾಗದಲ್ಲಿ ಗೋಡೆಗೆ ಮುಖಮಾಡಿ ಕೂತಿದ್ದ. ಗೂಡಿನಲ್ಲಿ ಚಾಕು ಇತ್ತು.

ಹರಳೆಣ್ಣೆ ಬಿಸಿಮಾಡಿ ಬಟ್ಟಲಲ್ಲಿ ತಂದಳು. ಬೆರಳು ಅದ್ದಿ ಅವನ ಬೆನ್ನ ಹಿಂದೆ ಕೈ ಎತ್ತಿದಳು. ಗೋಡೆಯ ಮೇಲೆ ಆ ಕೈಯ ನೆರಳು ಕಂಡದ್ದೇ ಪಖೋಮ್ ಬಗ್ಗಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡ.